ಸ್ವಯಂಪ್ರಭೆಯ ಗುಹೆ: ಒಂದು ಕಲ್ಪನಾಲೋಕದ ವಿಸ್ತರಣೆ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಮನೋರಂಜನಾ ಉದ್ಯಾನದ ಮಾತೇಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಕಾರಣ ಒಂದು ಶಾಲಾ ಪ್ರವಾಸ. ಕೆಲವು ವರ್ಷಗಳ ಹಿಂದೆ ಮಕ್ಕಳಿಗೆ ಬೆಂಗಳೂರಿನ ಕಡೆಯ ಒಂದು ಉದ್ಯಾನವನ್ನು ತೋರಿಸಿ, ಮರಳುವಾಗ ಹಂಪೆಯಲ್ಲಿ ಇಳಿದಿದ್ದೆವು. ಕೋಟೆ, ಮಾಟಗಾತಿ, ಕಡಲುಗಳ್ಳರೆಂದು ಮಕ್ಕಳ ಬಾಯಲ್ಲಿ ಆ ಉದ್ಯಾನದ ಮಾತೇ ಮಾತು. ತುಂಗಭದ್ರೆಯ ಆಚೆ ದಡದ ಬೆಟ್ಟಗಳನ್ನು ತೋರಿಸಿ, "ಇದೇ ಕಿಷ್ಕಿಂಧೆಯೆಂದು ಹಿರಿಯರ ನಂಬಿಕೆ. ಇಲ್ಲಿ ಯಾರು ಯಾರಿದ್ದರು?" ಎಂದು ಕೇಳಿದೆ. "ಹನುಮಂತ, ಸಾರ್" ಎಂದಳು ಒಬ್ಬ ಬಾಲಕಿ. ಅದರಾಚೆಗೆ ಯಾರಿಗೂ ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ, "ಇದನ್ನೂ ಅಲ್ಲಿಯ ಹಾಗೆ ಯಾಕೆ ಮಾಡಿಲ್ಲ, ಸಾರ್?" ಎಂದು ಕೇಳಿದಳು. ಈ ಲೇಖನವು ಅವಳಿಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ.

ಇಂತಹ ಉದ್ಯಾನಗಳಿಗೆ ಮಾದರಿಯಾದುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡ್. ಅದರ ಒಂದು ವಿಭಾಗ ಫ್ಯಾಂಟಸಿಲ್ಯಾಂಡ್, ಎಂದರೆ ಅದ್ಭುತ ಕಥೆಗಳ ಲೋಕ. ಕತ್ತಲೆಯ ಮನೆಯೊಳಗೆ ಹಳಿಯ ಮೇಲೆ ಸಾಗುವ ಪುಟ್ಟ ಬಂಡಿ, ಒಂದೊಂದು ತಿರುವಿನಲ್ಲೂ ವಿಶೇಷ ದೀಪದ ಬೆಳಕಿಗೆ ಹೊಳೆಯುವ ಬಣ್ಣದ ದೃಶ್ಯ: ಇದೇ ಅಲ್ಲಿಯ ಮುಖ್ಯ ಆಕರ್ಷಣೆ. ಇದರ ತತ್ತ್ವ ನಮಗೆ ಹೊಸದಲ್ಲ. ನಮ್ಮ ತೊಗಲುಗೊಂಬೆಯಾಟದಲ್ಲಿಯೂ ಬೆಳಕು ಹಾಯುವಂತೆ ತೆಳುವಾಗಿಸಿದ ತೊಗಲಿಗೆ ಬಣ್ಣ ಹಚ್ಚಿ, ಪರದೆಯ ಹಿಂದೆ ದೀಪವಿಟ್ಟು, ಕತ್ತಲೆಯಲ್ಲಿಯೇ ಕಥೆಯನ್ನು ಬೆಳಗಿಸುತ್ತಾರೆ. ನಮ್ಮಲ್ಲಿ ನೋಡುವವರು ಕುಳಿತಿರುತ್ತಾರೆ, ಕಥೆ ಚಲಿಸುತ್ತದೆ. ಅಲ್ಲಿ ಕಥೆ ನಿಂತಿರುತ್ತದೆ, ನೋಡುವವರು ಚಲಿಸುತ್ತಾರೆ. ವ್ಯತ್ಯಾಸವಿಷ್ಟೇ.

ಆ ಫ್ಯಾಂಟಸಿಲ್ಯಾಂಡಿನ ಇತಿಹಾಸದಲ್ಲಿ ಒಂದು ಪಾಠವಿದೆ. ಆರಂಭದಲ್ಲಿ ಹಣ ಸಾಲದೆ, ಕಟ್ಟಡಗಳ ಮುಂಭಾಗಕ್ಕೆ ಹಳೆಯ ಕಾಲದ ಜಾತ್ರೆಯ ಡೇರೆಗಳ ರೂಪ ಕೊಟ್ಟಿದ್ದರು. 1983ರಲ್ಲಿ ಅದನ್ನು ಯುರೋಪಿನ ಹಳ್ಳಿಯ ಮಾದರಿಯಲ್ಲಿ ಪುನಃ ಕಟ್ಟಿದರು. ಆಗ ಇನ್ನೊಂದು ಕೊರತೆಯೂ ನೀಗಿತು. ಸ್ನೋ ವೈಟ್ ಎಂಬ ರಾಜಕುಮಾರಿಯ ಕಥೆಯ ಬಂಡಿಯಲ್ಲಿ ಕುಳಿತವರಿಗೆ ಮಾಟಗಾತಿ ಎದುರಾಗುತ್ತಿದ್ದಳೇ ಹೊರತು ರಾಜಕುಮಾರಿ ಕಾಣುತ್ತಿರಲಿಲ್ಲ. ಬಂಡಿಯಲ್ಲಿ ಕುಳಿತವರೇ ರಾಜಕುಮಾರಿಯೆಂಬುದು ನಿರ್ಮಾಪಕರ ಆಶಯವಾಗಿತ್ತು. ಅನೇಕರಿಗೆ ಅದು ತಿಳಿಯಲೇ ಇಲ್ಲ. ಕೊನೆಗೆ ಅವಳ ಗೊಂಬೆಯನ್ನೂ ಇರಿಸಬೇಕಾಯಿತು. ಮನೆಮನೆಗೂ ತಿಳಿದಿದ್ದ ಕಥೆಯ ವಿಷಯದಲ್ಲಿಯೇ ಹೀಗಾದರೆ, ಕೇಳಿಯೇ ಇಲ್ಲದ ಕಥೆಯ ಪಾಡೇನು?

ಕರ್ನಾಟಕದಲ್ಲಿಯೂ ಇಂತಹ ವಿಸ್ತರಣೆಯ ಯೋಜನೆಗಳು ಹುಟ್ಟಿವೆ. ಕೃಷ್ಣರಾಜಸಾಗರದ ಬೃಂದಾವನ ಉದ್ಯಾನವನ್ನು ಡಿಸ್ನಿಲ್ಯಾಂಡ್ ಮಾದರಿಯಲ್ಲಿ ಬೆಳೆಸಿ, 125 ಅಡಿ ಎತ್ತರದ ಕಾವೇರಿ ಪ್ರತಿಮೆಯನ್ನು ನಿಲ್ಲಿಸುವ ಆಲೋಚನೆಯನ್ನು ಸರ್ಕಾರ 2018ರಲ್ಲಿ ಪ್ರಕಟಿಸಿತು. 2024ರಲ್ಲಿ ಉದ್ಯಾನವನ್ನು ಮೇಲ್ದರ್ಜೆಗೇರಿಸುವ ಸುಮಾರು 2,663 ಕೋಟಿ ರೂಪಾಯಿಗಳ ಯೋಜನೆಗೆ ಸಚಿವ ಸಂಪುಟದ ಒಪ್ಪಿಗೆ ದೊರೆಯಿತು. ರೈತ ಸಂಘಟನೆಗಳು ಅಣೆಕಟ್ಟೆಯ ಸುರಕ್ಷತೆಯ ಪ್ರಶ್ನೆಯನ್ನೆತ್ತಿ ವಿರೋಧಿಸಿದವು. ಹಣ, ನೀರು, ಸುರಕ್ಷತೆ ಇವೆಲ್ಲವೂ ಚರ್ಚೆಯಾಗಲೇಬೇಕಾದ ವಿಷಯಗಳು. ಅವುಗಳ ಜೊತೆಗೆ ಕೇಳಬೇಕಾದ ಪ್ರಶ್ನೆ ಮತ್ತೊಂದಿದೆ: ಅಂತಹ ಉದ್ಯಾನದಲ್ಲಿ ಯಾರ ಕಥೆಯನ್ನು ಹೇಳಬೇಕು?

ನಮ್ಮ ಕಲ್ಪನೆಯಲ್ಲಿ ಅಂತಹ ಒಂದು ಉದ್ಯಾನಕ್ಕೆ ಕಿಷ್ಕಿಂಧೆಯ ವಿಭಾಗವೊಂದನ್ನು ಸೇರಿಸಿ ನೋಡೋಣ. ಅದನ್ನು ಹಂಪೆಯ ಸ್ಮಾರಕಗಳ ನಡುವೆ ಕಟ್ಟುವುದು ತರವಲ್ಲ. ಆದೋನಿಯ ಕೋಟೆಬೆಟ್ಟದಲ್ಲಿರುವಂತಹ ಬಂಡೆಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಸಿಮೆಂಟಿನ ಬೆಟ್ಟ ಬೇಡ. ಮಳೆ ಕಡಿಮೆಯಾದ ನಾಡಿನಲ್ಲಿ ನೀರಿನಾಟಗಳೂ ಬೇಡ. ಬೇಕಾದುದು ಬಿಸಿಲಿಗೆ ಮರೆಯಾದ ಒಂದು ಕತ್ತಲೆಯ ಗುಹೆ.

ಆ ಗುಹೆ ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿಯೇ ಇದೆ. ಸೀತೆಯನ್ನು ಅರಸುತ್ತ ದಕ್ಷಿಣಕ್ಕೆ ಹೊರಟ ಅಂಗದ, ಹನುಮಂತ, ಜಾಂಬವಂತರ ತಂಡ ಬಾಯಾರಿ ಬಳಲುತ್ತದೆ. ಒಂದು ಬಿಲದಿಂದ ಒದ್ದೆ ರೆಕ್ಕೆಯ ಹಕ್ಕಿಗಳು ಹೊರಬರುವುದನ್ನು ಕಂಡು, ಒಳಗೆ ನೀರಿರಬೇಕೆಂದು ಊಹಿಸುತ್ತಾರೆ. ಒಬ್ಬರನ್ನೊಬ್ಬರು ಹಿಡಿದುಕೊಂಡು ಕಗ್ಗತ್ತಲೆಯಲ್ಲಿ ನಡೆಯುತ್ತಾರೆ. ಇದ್ದಕ್ಕಿದ್ದಂತೆ ಬೆಳಕು: ಮಯನು ನಿರ್ಮಿಸಿದ ಹೊನ್ನಿನ ಮರಗಳು, ತಾವರೆಗೊಳಗಳು, ಭವನಗಳು. ಅಲ್ಲಿ ಸ್ವಯಂಪ್ರಭೆಯೆಂಬ ತಪಸ್ವಿನಿ ಅವರಿಗೆ ಹಣ್ಣು, ನೀರು ಕೊಡುತ್ತಾಳೆ. ಆ ಗುಹೆಯನ್ನು ಹೊಕ್ಕವರು ಜೀವಂತವಾಗಿ ಹೊರಬರುವುದು ಕಷ್ಟ. ಅವಳು ಕಣ್ಣು ಮುಚ್ಚಿಕೊಳ್ಳಿರೆಂದು ಹೇಳಿ, ಕ್ಷಣದಲ್ಲಿ ಅವರನ್ನು ಹೊರಗೆ ತಲುಪಿಸುತ್ತಾಳೆ.

ಕತ್ತಲೆಯ ಬಂಡಿಗೆ ಇದಕ್ಕಿಂತ ತಕ್ಕ ಕಥೆ ದೊರೆಯುವುದು ಅಪರೂಪ. ಸರದಿಯಲ್ಲಿ ನಿಲ್ಲುವ ದಾರಿಯಲ್ಲಿಯೇ ಒದ್ದೆ ರೆಕ್ಕೆಯ ಹಕ್ಕಿಗಳು ಕಾಣಬೇಕು. ಕಥೆ ಅಲ್ಲಿಂದಲೇ ಆರಂಭ. ಮೊದಲ ಭಾಗದಲ್ಲಿ ಗೋಡೆಯ ಮೇಲೆ ತೊಗಲುಗೊಂಬೆಗಳ ನೆರಳು ಮಾತ್ರ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಹೆಸರಾದ ಕಲೆಯಿದು. ಅನಂತಪುರದ ಕಡೆಯ ನಿಮ್ಮಲಕುಂಟೆಯ ಕುಟುಂಬಗಳ ಕುಲಕಸುಬೂ ಇದೇ. ಆಮೇಲೆ ಹೊನ್ನಿನ ತೋಟ. ಕೊನೆಗೆ, "ಮಕ್ಕಳೇ, ಕಣ್ಣು ಮುಚ್ಚಿರಿ" ಎಂಬ ಕನ್ನಡದ ದನಿ, ದೀಪಗಳೆಲ್ಲ ಆರುವುದು, ಬಾಗಿಲು ತೆರೆದು ಹೊರಗಿನ ಗಾಳಿ ಮುಖಕ್ಕೆ ತಾಗುವುದು.

ಆದರೆ ಬಂಡಿಯಲ್ಲಿ ಕುಳಿತ ಮಗುವಿಗೆ ತಾನೂ ಆ ಕಪಿಗಳಲ್ಲಿ ಒಬ್ಬನೆಂದು ತಿಳಿಯಬೇಕಾದರೆ ಕಥೆ ಮೊದಲೇ ತಿಳಿದಿರಬೇಕು. ಆ ದನಿಯ ಭಾಷೆಯೂ ಅದರದಾಗಿರಬೇಕು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಅಂದಿನಿಂದ ಇಲ್ಲಿಯ ಕನ್ನಡ ಮನೆಗಳ ಮಕ್ಕಳಿಗೆ ಅಂಗಡಿಯ, ಕಛೇರಿಯ ಭಾಷೆ ತೆಲುಗು, ಉದ್ಯೋಗಕ್ಕೆ ಇಂಗ್ಲಿಷು. ಇದು ದೂರಲ್ಲ; ಆ ಭಾಷೆಗಳೂ ನಮಗೆ ಅನ್ನ ಕೊಟ್ಟಿವೆ. ಆದರೆ ಅಜ್ಜಿಯ ಕಥೆಯನ್ನು ಅಜ್ಜಿಯ ಮಾತಿನಲ್ಲಿಯೇ ಓದುವುದನ್ನು ಕಲಿಸುವ ಸ್ಥಳ ಇಲ್ಲಿ ಕನ್ನಡ ಶಾಲೆಯೇ. ಅದು ಬರಿದಾದರೆ, ನಾಳೆ ಯಾರಾದರೂ ಕೋಟಿ ಸುರಿದು ಕಿಷ್ಕಿಂಧೆಯನ್ನು ಕಟ್ಟಿದರೂ ನಮ್ಮ ಮಕ್ಕಳು ಅಲ್ಲಿ ಪರದೇಶಿಗಳು.

ಆದುದರಿಂದ ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಈ ವರ್ಷದ ವಾರ್ಷಿಕೋತ್ಸವಕ್ಕೆ ಶಾಲೆಯ ಒಂದು ಕೊಠಡಿಯ ಕಿಟಕಿಗಳಿಗೆ ಕಂಬಳಿ ಹೊದಿಸೋಣ. ಒಂದು ಬಿಳಿಯ ಪಂಚೆ, ಒಂದು ದೀಪ, ಮಕ್ಕಳೇ ಕತ್ತರಿಸಿದ ರಟ್ಟಿನ ಗೊಂಬೆಗಳು ಸಾಕು. ಬಾಗಿಲ ಬಳಿ ಕಥೆಪುಸ್ತಕಗಳ ಒಂದು ಕಪಾಟಿರಲಿ. ಪ್ರಶ್ನೆ ಕೇಳಿದ ಆ ಬಾಲಕಿ ಈಗ ಕಾಲೇಜಿನಲ್ಲಿದ್ದಾಳೆ. ಸ್ವಯಂಪ್ರಭೆಯ ಮಾತುಗಳನ್ನಾಡಲು ಅವಳನ್ನೇ ಕರೆಯಬೇಕೆಂದಿದ್ದೇನೆ.