ಮನೆತನ ನೋಡಿ ನಂಬಬೇಕೆ?

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯನ್ನು ಹೆಣ್ಣು ನೋಡಲು ಹೋಗುವ ಹಿರಿಯರಷ್ಟೇ ಅಲ್ಲ, ತಾವೇ ಮೆಚ್ಚಿ ಜೊತೆಯಾದ ಹುಡುಗ ಹುಡುಗಿಯರೂ ಒಳಗೊಳಗೇ ನಂಬುತ್ತಾರೆ. ಅಪ್ಪ ಅಮ್ಮ ಬೇರೆಯಾದ ಮನೆಯಲ್ಲಿ ಬೆಳೆದವರನ್ನು ನಂಬಿ ಕೂರುವುದು ಕಷ್ಟ ಎಂಬ ಮಾತು ಇದರದೇ ಇನ್ನೊಂದು ರೂಪ. ಈ ನಂಬಿಕೆಗೆ ಬುಡವೇ ಇಲ್ಲವೆನ್ನಲಾಗದು. 1987ರಲ್ಲಿ ಮನೋವಿಜ್ಞಾನಿಗಳಾದ ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ ಅಮೆರಿಕದ ಡೆನ್ವರ್‌ನ ದಿನಪತ್ರಿಕೆಯೊಂದರ ಓದುಗರಿಗೆ ಪ್ರೀತಿಯ ಬಗ್ಗೆ ಪ್ರಶ್ನೆಗಳನ್ನು ಹಾಕಿದಾಗ, ಸಂಗಾತಿಯನ್ನು ನಿರಾಳವಾಗಿ ನಂಬುವವರು ತಮ್ಮ ಹೆತ್ತವರನ್ನು ಅಕ್ಕರೆಯವರೆಂದೇ ನೆನೆದಿದ್ದರು. ಆದರೆ ಅಲ್ಲಿ ಸಿಕ್ಕದ್ದು ಬಾಲ್ಯದ ನೆನಪು. ಬಾಲ್ಯವನ್ನು ಯಾರೂ ಕಣ್ಣಾರೆ ಕಂಡು ಅಳೆದಿರಲಿಲ್ಲ. ಅದೇ ದಶಕದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಮೇರಿ ಮೇನ್ ಮತ್ತು ಸಹೋದ್ಯೋಗಿಗಳು ರೂಪಿಸಿದ, ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳುವ ಸಂದರ್ಶನ ಇನ್ನೂ ಆಳಕ್ಕೆ ಇಳಿಯಿತು. ಬಾಲ್ಯದಲ್ಲಿ ಏನಾಯಿತು ಎಂಬುದಕ್ಕಿಂತ, ಅದನ್ನು ಈಗ ಎಷ್ಟು ಸುಸಂಬದ್ಧವಾಗಿ, ಮುಚ್ಚುಮರೆಯಿಲ್ಲದೆ ಹೇಳಬಲ್ಲರು ಎಂಬುದನ್ನೇ ಅದು ತೂಗುತ್ತದೆ. ಕಷ್ಟದ ಬಾಲ್ಯ ಕಂಡೂ ಭದ್ರ ಮನಸ್ಸಿನವರಾದವರು ಅದರಲ್ಲಿ ಕಾಣಸಿಗುತ್ತಾರೆ. ಹಾಗಾಗಿ ಮನೆತನದ ಹೆಸರು ಕೇಳಿ ತೀರ್ಪು ಕೊಡುವುದು ಆತುರವೇ ಸರಿ.

ಹಾಗಾದರೆ ಎಲ್ಲವನ್ನೂ ಹೇಳಿಬಿಟ್ಟರೆ, ಮೊಬೈಲಿನ ಪಾಸ್‌ವರ್ಡನ್ನೂ ಕೊಟ್ಟುಬಿಟ್ಟರೆ ನಂಬಿಕೆ ಬರುತ್ತದೆಯೆ? ಇದು ಎರಡನೆಯ ತಪ್ಪು ಕಲ್ಪನೆ, ನನ್ನ ಪ್ರಕಾರ ಹೆಚ್ಚು ಅಪಾಯದ್ದು. ಜನರ ದಿನನಿತ್ಯದ ಒಡನಾಟವನ್ನು ದಾಖಲಿಸಿಕೊಂಡು 1998ರಲ್ಲಿ ಪ್ರಕಟವಾದ ಜೀನ್-ಫಿಲಿಪ್ ಲಾರೆನ್ಸೋ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಮನಸ್ಸು ಬಿಚ್ಚಿದ್ದರ ಜೊತೆಗೆ, ಎದುರಿನವರು ಅದನ್ನು ಅರ್ಥಮಾಡಿಕೊಂಡರೆಂಬ ಅನಿಸಿಕೆಯೂ ಆಪ್ತತೆಯನ್ನು ಬೆಳೆಸಿತ್ತು. ‘ನಮ್ಮಪ್ಪ ಕುಡಿದು ಬಂದು ಅಮ್ಮನ್ನ ಹೊಡೀತಿದ್ರು’ ಎಂದು ಒಬ್ಬಳು ತನ್ನ ಸಂಗಾತಿಗೆ ಹೇಳಿಕೊಳ್ಳುತ್ತಾಳೆ ಎನ್ನಿ. ಒಂದು ತಿಂಗಳ ಮೇಲೆ, ಯಾವುದೋ ಜಗಳದಲ್ಲಿ, ‘ಅಂಥ ಮನೇಲಿ ಬೆಳೆದವಳಿಗೆ ಇನ್ನೇನು ಗೊತ್ತಿರತ್ತೆ’ ಎಂದು ಅವನು ಅಂದರೆ, ಆಮೇಲೆ ಅವಳು ಬಾಯಿ ಬಿಡುವುದು ಎಲ್ಲಿಯ ಮಾತು? ಅವಳ ನಂಬಿಕೆಯನ್ನು ಮುರಿದದ್ದು ಅವಳ ತವರಲ್ಲ, ಅವನ ಮಾತು.

ಮನೆಯ ಹಿನ್ನೆಲೆ ವಿಚಾರಿಸಲೇಬಾರದೇ ಎಂದು ಹಿರಿಯರು ಕೇಳಬಹುದು. ವಿಚಾರಿಸಲಿ, ಹೊಡೆತ ಬಡಿತ ಕಂಡು ಬೆಳೆದವರಲ್ಲಿ ಅದು ಮರುಕಳಿಸುವ ಅಪಾಯ ಹೆಚ್ಚೆಂಬುದು ನಿಜ. ಆದರೆ ಅಪಾಯ ಹೆಚ್ಚೆಂದರೆ ಹಣೆಬರಹವೆಂದಲ್ಲ, ಮರ್ಯಾದಸ್ಥ ಮನೆತನ ಒಳ್ಳೆಯ ನಡತೆಗೆ ಜಾಮೀನೂ ಅಲ್ಲ. ಸಾಲ, ಹಿಂದಿನ ಮದುವೆ, ಗಂಭೀರ ಕಾಯಿಲೆಯಂತಹ, ಇನ್ನೊಬ್ಬರ ಬದುಕನ್ನೇ ತಟ್ಟುವ ಸಂಗತಿಗಳನ್ನು ಮದುವೆಗೆ ಮೊದಲೇ ಹೇಳಬೇಕು. ಉಳಿದ ನೋವುಗಳನ್ನು ಹೇಳಲು ಅವರವರಿಗೆ ಬೇಕಾದಷ್ಟು ಸಮಯ ಕೊಡಿ. ಹೇಳಿದ ದಿನ ಪೂರ್ತಿ ಕೇಳಿಸಿಕೊಳ್ಳಿ, ಜಗಳದಲ್ಲಿ ಅದನ್ನು ಎತ್ತಿ ಆಡಬೇಡಿ.