ಮಳೆ ಬಂದಾಗ ಮನೆಯ ಸೋಲಾರ್ ಏಕೆ ನಿಲ್ಲುತ್ತದೆ?

ನಮ್ಮದು ಬಿಸಿಲಿಗೆ ಹೆಸರಾದ ಸೀಮೆ. ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು, ಆ ವರ್ಷ ಅನಂತಪುರ ಜಿಲ್ಲೆಗೆ ಬಂದಿತು. ಮಡಕಶಿರಾ 2022ರಲ್ಲಿ ಅನಂತಪುರದಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯನ್ನು ಸೇರಿತು. ಜಿಲ್ಲೆಯ ಹೆಸರು ಏನೇ ಇರಲಿ, ಎರಡೂ ಊರುಗಳಿಗೆ ಮಳೆ ಅಪರೂಪದ ಅತಿಥಿಯೇ. ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ಈ ಪ್ರದೇಶಕ್ಕೆ ವರ್ಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರ್ ಮಳೆ. ಅದರಲ್ಲಿಯೂ ಬಿರುಸಾಗಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ.

ಬಿಸಿಲೇ ಸಂಪತ್ತಾಗುವ ಕಾಲವು ಈಗ ಬಂದಿದೆ. ಮಡಕಶಿರಾಕ್ಕೆ ನೆರೆಯದಾದ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಲೂ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವು ತಲೆಯೆತ್ತಿರುವುದನ್ನು ನಮ್ಮಲ್ಲಿ ಹಲವರು ಕಣ್ಣಾರೆ ಕಂಡಿದ್ದೇವೆ. 2024ರಲ್ಲಿ ಕೇಂದ್ರ ಸರ್ಕಾರವು ಪಿ.ಎಂ. ಸೂರ್ಯಘರ್ ಯೋಜನೆಯನ್ನು ಆರಂಭಿಸಿ, 3 ಕಿಲೋವಾಟಿನ ಮನೆ ಸೋಲಾರಿಗೆ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಿತು. ಮಾಳಿಗೆಗಳ ಮೇಲೆ ಸೂರ್ಯಫಲಕಗಳು ಕಾಣಿಸಿಕೊಳ್ಳುತ್ತಿರುವುದು ಸಂತೋಷದ ಸಂಗತಿ. ಆದರೆ ಬೇಸಗೆಯಲ್ಲೆಲ್ಲ ಚೆನ್ನಾಗಿ ನಡೆದ ಯಂತ್ರವು ನಾಲ್ಕು ಹನಿ ಬಿದ್ದೊಡನೆ ನಿಂತುಹೋಗುತ್ತದೆ, 'ಟ್ರಿಪ್' ಆಗುತ್ತದೆ ಎಂಬ ದೂರು ಅನೇಕ ಮನೆಗಳಿಂದ ಕೇಳಿಬರುತ್ತದೆ. ಇದರ ಕಾರಣವೇನು, ಮನೆಯವರು ಮಾಡಬೇಕಾದುದೇನು, ಮಾಡಕೂಡದುದೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲಿಗೆ ಒಂದು ಮಾತು. ನಿಲ್ಲುವುದೆಲ್ಲವೂ ಕೆಡುವುದಲ್ಲ. ಮಳೆಗಾಲದಲ್ಲಿ ಸೋಲಾರ್ ನಿಲ್ಲುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳುಂಟು. ಅವುಗಳಲ್ಲಿ ಎರಡು ನಿರಪಾಯಕರವಾದವು.

ಮೊದಲನೆಯದು, ಊರಿನ ವಿದ್ಯುತ್ತೇ ನಿಂತಿರುವುದು. ವಿದ್ಯುತ್ ಕಂಪನಿಯ ತಂತಿಗೆ ಜೋಡಿಸಿದ ಇನ್ವರ್ಟರು, ಆ ತಂತಿಯಲ್ಲಿ ವಿದ್ಯುತ್ತಿಲ್ಲದಾಗ ತಾನಾಗಿಯೇ ನಿಲ್ಲುವಂತೆ ರಚಿತವಾಗಿದೆ. ಗಾಳಿಮಳೆಗೆ ತಂತಿ ಹರಿದು, ಅದನ್ನು ಸರಿಪಡಿಸಲು ನೌಕರನೊಬ್ಬನು ಕಂಬವನ್ನು ಹತ್ತಿರುವಾಗ, ನಮ್ಮ ಮನೆಯ ವಿದ್ಯುತ್ತು ಹಿಂದಕ್ಕೆ ಹರಿದುಹೋದರೆ ಅವನ ಪ್ರಾಣಕ್ಕೆ ಅಪಾಯವಲ್ಲವೇ? ಆದುದರಿಂದಲೇ ಈ ಏರ್ಪಾಡು. ವಿದ್ಯುತ್ತು ಮರಳಿ ಬಂದ ಕೆಲವು ನಿಮಿಷಗಳಲ್ಲಿ ಯಂತ್ರವು ತಾನೇ ಕೆಲಸಕ್ಕೆ ತೊಡಗುತ್ತದೆ.

ಎರಡನೆಯದು, ಬ್ಯಾಟರಿಯುಳ್ಳ ಮನೆಗಳಿಗೆ ಸಂಬಂಧಿಸಿದ್ದು. ಎರಡು ಮೂರು ದಿನ ಮೋಡ ಮುಸುಕಿದರೆ ಬ್ಯಾಟರಿ ತುಂಬುವುದಿಲ್ಲ. ಅದರ ಶಕ್ತಿಯು ಒಂದು ಮಿತಿಗಿಂತ ಕೆಳಗಿಳಿದಾಗ, ಬ್ಯಾಟರಿ ಹಾಳಾಗದಿರಲೆಂದು ನಿಯಂತ್ರಕವು ದೀಪಗಳನ್ನು ಕಡಿದುಬಿಡುತ್ತದೆ. ಬಿಸಿಲು ಬಂದರೆ ಎಲ್ಲವೂ ಸರಿಹೋಗುತ್ತದೆ.

ಮೂರನೆಯದೇ ನಮ್ಮ ಮುಖ್ಯ ವಿಷಯ. ಊರಿನಲ್ಲಿ ವಿದ್ಯುತ್ತಿದೆ, ಬೆಳಕೂ ಇದೆ. ಆದರೂ ಇನ್ವರ್ಟರು ಹೊರಡದು. ಅದರ ಮುಖದ ಮೇಲೆ 'ಐಸೊಲೇಷನ್' ಅಥವಾ 'ಗ್ರೌಂಡ್ ಫಾಲ್ಟ್' ಎಂಬ ಸೂಚನೆಯು ಕಾಣುತ್ತದೆ. ಇಲ್ಲವೇ ಗೋಡೆಯ ಪೆಟ್ಟಿಗೆಯಲ್ಲಿರುವ ಆರ್.ಸಿ.ಸಿ.ಬಿ. ಎಂಬ ಸೋರಿಕೆ ಸ್ವಿಚ್ಚು ಕೆಳಗೆ ಬಿದ್ದಿರುತ್ತದೆ. ಮಧ್ಯಾಹ್ನ ಬಿಸಿಲೇರಿದ ಮೇಲೆ ಯಂತ್ರವು ಏನೂ ಆಗಿಲ್ಲವೆಂಬಂತೆ ನಡೆಯುತ್ತದೆ. ವಿದ್ಯುತ್ತು ತನ್ನ ದಾರಿಯನ್ನು ಬಿಟ್ಟು, ನೀರಿನ ಮೂಲಕ ಭೂಮಿಗೆ ಸೋರುತ್ತಿದೆ ಎಂಬುದಕ್ಕೆ ಇದು ಸ್ಪಷ್ಟವಾದ ಲಕ್ಷಣ.

ಇಲ್ಲಿ ವಿದ್ಯಾರ್ಥಿಗಳು ತಾವು ತರಗತಿಯಲ್ಲಿ ಕಲಿತ ಓಮನ ನಿಯಮವನ್ನು ನೆನಪಿಗೆ ತಂದುಕೊಳ್ಳಲಿ. ವೋಲ್ಟುಗಳನ್ನು ರೋಧದಿಂದ ಭಾಗಿಸಿದರೆ ಪ್ರವಾಹವು ದೊರೆಯುತ್ತದೆ. ಫಲಕಗಳ ಸಾಲಿನಲ್ಲಿ 600 ವೋಲ್ಟ್ ಇದ್ದು, ತಂತಿಗೂ ಭೂಮಿಗೂ ನಡುವಣ ರೋಧವು 20,000 ಓಮ್‌ಗಳಿಗೆ ಇಳಿದರೆ, 0.03 ಆಂಪಿಯರ್, ಎಂದರೆ 30 ಮಿಲಿಆಂಪಿಯರ್ ಪ್ರವಾಹವು ಸೋರಬಲ್ಲುದು. ಮನುಷ್ಯನ ರಕ್ಷಣೆಗಾಗಿ ಮನೆಗಳಲ್ಲಿ ಅಳವಡಿಸುವ ಆರ್.ಸಿ.ಸಿ.ಬಿ. ಕಡಿದುಕೊಳ್ಳುವ ಮಿತಿಯೂ ಸಾಮಾನ್ಯವಾಗಿ 30 ಮಿಲಿಆಂಪಿಯರ್. ಇನ್ವರ್ಟರು ಪ್ರತಿದಿನವೂ ಹೊರಡುವ ಮುನ್ನ ಈ ರೋಧವನ್ನು ತಾನೇ ಅಳೆದು ನೋಡುತ್ತದೆ. ಕಡಿಮೆಯೆಂದು ಕಂಡರೆ ಹೊರಡಲೊಲ್ಲದು.

ಹಾಗಾದರೆ ಮಳೆಯಲ್ಲಿ ನೆನೆದ ಫಲಕಗಳೆಲ್ಲವೂ ಸೋರಬೇಕಲ್ಲವೇ ಎಂದು ಕೇಳಬಹುದು. ಇಲ್ಲ. ಫಲಕಗಳನ್ನು ತಯಾರಿಸಿದಾಗ ನೀರಿನಲ್ಲಿ ನೆನೆಸಿ ಪರೀಕ್ಷಿಸುವ ಅಂತರರಾಷ್ಟ್ರೀಯ ನಿಯಮವುಂಟು. ಅದರಂತೆ 2 ಚದರ ಮೀಟರಿನ ಫಲಕವು ನೆನೆದಾಗಲೂ 20 ಮೆಗಓಮ್‌ಗೆ, ಅಂದರೆ ಎರಡು ಕೋಟಿ ಓಮ್‌ಗೆ, ಕಡಿಮೆಯಿಲ್ಲದ ರೋಧವನ್ನು ತೋರಬೇಕು. ಅಂತಹ ಹತ್ತು ಫಲಕಗಳು ಸೇರಿದರೆ ಭೂಮಿಗೆ ಹತ್ತು ದಾರಿಗಳಾಗುವುದರಿಂದ ಒಟ್ಟು ರೋಧವು 2 ಮೆಗಓಮ್ ಆಗುತ್ತದೆ. 600 ವೋಲ್ಟಿಗೆ ಆಗ ಸೋರುವುದು ಕೇವಲ 0.3 ಮಿಲಿಆಂಪಿಯರ್, ಹೇಳಿದ ಮಿತಿಯ ನೂರನೆಯ ಒಂದು ಪಾಲು! ಆದುದರಿಂದ ಮಳೆಯು ದೋಷವನ್ನು ಹುಟ್ಟಿಸುವುದಿಲ್ಲ. ಎಲ್ಲಿಯೋ ಅಡಗಿದ್ದ ದೋಷವನ್ನು ತೋರಿಸಿಕೊಡುತ್ತದೆ. ಇದೇ ನಾವು ಮರೆಯಬಾರದ ಮುಖ್ಯ ಸಂಗತಿ.

ಈ ದೋಷಗಳು ಅಡಗುವ ಸ್ಥಳಗಳು ಬಹುಮಟ್ಟಿಗೆ ಗೊತ್ತಿರುವಂಥವೇ. ಫಲಕದಿಂದ ಫಲಕಕ್ಕೆ ತಂತಿಯನ್ನು ಸೇರಿಸುವ ಕನೆಕ್ಟರುಗಳು ಮೊದಲನೆಯವು. ಅವುಗಳನ್ನು ಪೂರ್ತಿ ಒತ್ತಿ ಕೂಡಿಸದಿದ್ದರೆ, ಬೇರೆ ಬೇರೆ ತಯಾರಿಕೆಯ ಗಂಡು ಹೆಣ್ಣು ತುದಿಗಳನ್ನು ಜೋಡಿಸಿದ್ದರೆ, ಇಲ್ಲವೇ ನೀರು ನಿಲ್ಲುವ ಕಡೆ ಮಾಳಿಗೆಯ ಮೇಲೆಯೇ ಬಿಟ್ಟಿದ್ದರೆ, ಒಳಗೆ ತೇವ ಸೇರುತ್ತದೆ. ಎರಡನೆಯದು ತಂತಿ. ತಂತಿಯನ್ನು ಕಟ್ಟಿದ ಪ್ಲಾಸ್ಟಿಕ್ ಪಟ್ಟಿಗಳು ನಮ್ಮ ಬೇಸಗೆಯ ಬಿಸಿಲಿಗೆ ಒಣಗಿ ತುಂಡಾಗುತ್ತವೆ; ತಂತಿಯು ಜೋತುಬಿದ್ದು, ಗಾಳಿಗೆ ಚೌಕಟ್ಟಿನ ಅಂಚಿಗೆ ಉಜ್ಜಿ ಉಜ್ಜಿ ಹೊದಿಕೆಯನ್ನು ಕಳೆದುಕೊಳ್ಳುತ್ತದೆ. ಶೇಂಗಾ ಚೀಲಗಳಿರುವ ಮನೆಗೆ ಇಲಿ ಅಳಿಲುಗಳು ಬಾರದಿರುವುದುಂಟೆ? ಅವು ತಂತಿಯನ್ನು ಕಡಿಯುತ್ತವೆ. ಮೂರನೆಯದು ಪೆಟ್ಟಿಗೆಗಳು. ತಂತಿಯನ್ನು ಮೇಲ್ಭಾಗದ ತೂತಿನಿಂದ ಒಳಕ್ಕೆ ಬಿಟ್ಟಿದ್ದರೆ ಮಳೆಯ ನೀರು ಅದನ್ನೇ ಹಿಡಿದು ಒಳಗಿಳಿಯುತ್ತದೆ. ತಿಂಗಳುಗಟ್ಟಲೆ ಕುಳಿತ ಧೂಳು ಒಣಗಿರುವಾಗ ನಿರುಪದ್ರವಿ. ಮೊದಲ ಮಳೆಗೆ ಅದೇ ಧೂಳು ಕೆಸರಾಗಿ ವಿದ್ಯುತ್ತಿಗೆ ಹಾದಿಯಾಗುತ್ತದೆ. ಇವಲ್ಲದೆ, ಒಡೆದ ಗಾಜಿನ ಫಲಕ ಮತ್ತು ಸಿಡಿಲಿನ ಹೊಡೆತಕ್ಕೆ ಕೆಟ್ಟ ಸರ್ಜ್ ರಕ್ಷಕ ಇವೂ ಕಾರಣವಾಗುವುದುಂಟು.

ಅಪರೂಪವಾಗಿ ಯಾವ ದೋಷವೂ ಇಲ್ಲದೆ ಆರ್.ಸಿ.ಸಿ.ಬಿ. ಮಾತ್ರ ಬೀಳುವುದುಂಟು. ನೆನೆದ ಫಲಕವೂ ಅದರ ಚೌಕಟ್ಟೂ ಸೇರಿ ವಿದ್ಯುತ್ತನ್ನು ಹಿಡಿದಿಡುವ ಧಾರಕದಂತೆ ವರ್ತಿಸಿದಾಗ ಹೀಗಾಗುತ್ತದೆ. ಆಗ ಇನ್ವರ್ಟರಿಗೆ ತಕ್ಕ ಬಗೆಯ ಸ್ವಿಚ್ಚನ್ನು ಅಳವಡಿಸಬೇಕಾದೀತು. ಆದರೆ ಈ ನಿರ್ಣಯವು ಉಳಿದ ಪರೀಕ್ಷೆಗಳೆಲ್ಲ ಮುಗಿದ ಮೇಲೆ ತಜ್ಞರು ಮಾಡತಕ್ಕದ್ದು.

ಇನ್ನು ಅಪಾಯದ ವಿಷಯ. ಪದೇಪದೇ ಬೀಳುವ ಸ್ವಿಚ್ಚನ್ನು ಕಿತ್ತು, ತಂತಿಯನ್ನು ನೇರವಾಗಿ ಸೇರಿಸಿ 'ತೊಂದರೆ ತೀರಿತು' ಎನ್ನುವವರುಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು! ಸೋರಿಕೆಯು ಹಾಗೆಯೇ ಉಳಿಯಿತು. ಅದನ್ನು ಕೂಗಿ ಹೇಳುತ್ತಿದ್ದ ಕಾವಲುಗಾರನು ಮಾತ್ರ ಹೋದನು. ಒಂದು ಕಡೆಯ ಸೋರಿಕೆಯೊಡನೆ ಇನ್ನೊಂದು ಕಡೆಯ ಸೋರಿಕೆಯೂ ಸೇರಿದರೆ ಅವುಗಳ ನಡುವೆ ಪ್ರವಾಹವು ಹರಿದು ಕಿಡಿ ಹಾರಿ ಬೆಂಕಿ ಹತ್ತಬಹುದು. ಭೂಸಂಪರ್ಕವು ಸರಿಯಿಲ್ಲದಿದ್ದರೆ ಲೋಹದ ಚೌಕಟ್ಟಿಗೇ ವಿದ್ಯುತ್ತು ಬಂದು, ಮುಟ್ಟಿದವರಿಗೆ ಆಘಾತವಾಗಬಹುದು. ಮೇಲಾಗಿ, ಮನೆಯ ಮೇನ್ ಸ್ವಿಚ್ಚನ್ನು ಆರಿಸಿದರೂ ಫಲಕಗಳು ಆರುವುದಿಲ್ಲ. ಬೆಳಕಿರುವವರೆಗೆ ಅವುಗಳ ತಂತಿಯಲ್ಲಿ ವೋಲ್ಟುಗಳು ಇದ್ದೇ ಇರುತ್ತವೆ. ಆದಕಾರಣ ಮಕ್ಕಳು ಗಾಳಿಪಟಕ್ಕಾಗಿಯೋ ಚೆಂಡಿಗಾಗಿಯೋ ಫಲಕಗಳ ನಡುವೆ ನುಗ್ಗಕೂಡದು. ಬಟ್ಟೆ ಒಣಹಾಕುವ ತಂತಿಯನ್ನು ಫಲಕದ ಚೌಕಟ್ಟಿಗೆ ಎಂದಿಗೂ ಕಟ್ಟಕೂಡದು.

ಹಾಗಾದರೆ ಮನೆಯವರು ಏನು ಮಾಡಬೇಕು? ಬರೆದಿಡಬೇಕು. ಎಷ್ಟು ಗಂಟೆಗೆ ನಿಂತಿತು, ಮಳೆಯಿತ್ತೇ ಅಥವಾ ಬರಿಯ ಇಬ್ಬನಿಯೇ, ಬಿದ್ದದ್ದು ಯಾವ ಸ್ವಿಚ್ಚು, ಇನ್ವರ್ಟರಿನಲ್ಲಿ ಕಂಡ ಅಕ್ಷರಗಳಾವುವು, ಮತ್ತೆ ಯಾವಾಗ ನಡೆಯಿತು ಎಂಬ ವಿವರಗಳನ್ನು ಮನೆಯ ವಿದ್ಯಾರ್ಥಿಯೇ ಒಂದು ನೋಟು ಪುಸ್ತಕದಲ್ಲಿ ಗುರುತು ಹಾಕಬಹುದು. ಸ್ವಿಚ್ಚನ್ನು ಒಮ್ಮೆ ಮೇಲೆತ್ತಿ ನೋಡಬಹುದು. ಮತ್ತೆ ಬಿದ್ದರೆ ಹಾಗೆಯೇ ಬಿಡಬೇಕು. ಪೆಟ್ಟಿಗೆಗಳು ಒಣಗಿದ್ದಲ್ಲಿ, ಒಣಗಿದ ಕೈಯಿಂದ ದೊಡ್ಡವರು ಮೊದಲು ಎ.ಸಿ. ಸ್ವಿಚ್ಚನ್ನೂ ಅನಂತರ ಡಿ.ಸಿ. ಸ್ವಿಚ್ಚನ್ನೂ ಆರಿಸಬೇಕು. ಒದ್ದೆಯಾಗಿದ್ದರೆ ಮುಟ್ಟಲೇ ಬಾರದು. ಕನೆಕ್ಟರುಗಳನ್ನು ತಾವಾಗಿ ಎಳೆದು ಬಿಚ್ಚಬಾರದು. ಪ್ರವಾಹವಿರುವಾಗ ಬಿಚ್ಚಿದರೆ ಅಲ್ಲಿ ಬೆಂಕಿಯ ನಾಲಿಗೆಯೇ ಹುಟ್ಟುತ್ತದೆ.

ಬಳಿಕ ಸೋಲಾರ್ ಹಾಕಿಕೊಟ್ಟವರನ್ನು ಕರೆಸಬೇಕು. ಸೂರ್ಯಘರ್ ಯೋಜನೆಯಲ್ಲಿ ಹಾಕಿಸಿದವರಿಗೆ ಐದು ವರ್ಷಗಳ ನಿರ್ವಹಣೆಯನ್ನು ಅವರೇ ಮಾಡಿಕೊಡಬೇಕಾದುದು ನಿಯಮ. ಆದರೆ ಅವರು ಒಣಬಿಸಿಲಿನ ಮಧ್ಯಾಹ್ನ ಬಂದರೆ ದೋಷವು ತಲೆಮರೆಸಿಕೊಂಡಿರುತ್ತದೆ. ಮಳೆ ನಿಂತ ಮರುದಿನ ಮುಂಜಾನೆ ಬರುವಂತೆ ಕೇಳಿಕೊಳ್ಳುವುದು ಲೇಸು. ಅದು ಸಾಧ್ಯವಾಗದಿದ್ದರೆ, ಅವರು ಫಲಕಗಳ ಒಂದೊಂದೇ ಭಾಗಕ್ಕೆ ನೀರು ಚಿಮುಕಿಸಿ, ಮೆಗ್ಗರ್ ಎಂಬ ಉಪಕರಣದಿಂದ ರೋಧವನ್ನು ಅಳೆಯಬಹುದು.

ದೋಷದ ಸ್ಥಳವನ್ನು ಗುರುತಿಸುವ ಒಂದು ಜಾಣ ಉಪಾಯವಿದೆ. 40 ವೋಲ್ಟಿನ ಹತ್ತು ಫಲಕಗಳ ಸಾಲಿನಲ್ಲಿ ಒಟ್ಟು 400 ವೋಲ್ಟ್ ಇದೆಯೆನ್ನಿ. ತಜ್ಞನು ಸಾಲನ್ನು ಇನ್ವರ್ಟರಿನಿಂದ ಬೇರ್ಪಡಿಸಿ, ಧನ ತುದಿಯಿಂದ ಭೂಮಿಗೆ 120 ವೋಲ್ಟನ್ನೂ ಋಣ ತುದಿಯಿಂದ ಭೂಮಿಗೆ 280 ವೋಲ್ಟನ್ನೂ ಕಂಡನೆಂದರೆ, ಧನ ತುದಿಯಿಂದ ಮೂರು ಫಲಕಗಳನ್ನು ದಾಟಿದ ಕಡೆಯಲ್ಲಿ ಸೋರಿಕೆಯಿದೆ ಎಂದು ತಿಳಿಯಬಹುದು. 120ನ್ನು 40ರಿಂದ ಭಾಗಿಸಿದರೆ ಮೂರು ತಾನೇ? ಮಾಳಿಗೆಯನ್ನೆಲ್ಲ ತಡಕಾಡುವ ಶ್ರಮವನ್ನು ಶಾಲೆಯ ಭಾಗಾಕಾರವು ತಪ್ಪಿಸಿತು. ಆದರೆ ಈ ಅಳತೆಯು ತರಬೇತು ಪಡೆದವರ ಕೆಲಸ. ಲೆಕ್ಕ ಮಾತ್ರ ನಮ್ಮದು.

ಬಂದ ಮೇಲೆ ಪರಿತಪಿಸುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಮೇಲು. ಮುಂಗಾರಿಗೆ ಮುನ್ನ ಒಮ್ಮೆ ತಜ್ಞರಿಂದ ತಂತಿಗಳನ್ನು ಎತ್ತಿ ಕಟ್ಟಿಸಬೇಕು. ಬಿಸಿಲಿಗೆ ತಾಳುವ ಪಟ್ಟಿಗಳನ್ನೇ ಉಪಯೋಗಿಸಬೇಕು. ತಂತಿಯು ಪೆಟ್ಟಿಗೆಯನ್ನು ಕೆಳಗಿನಿಂದಲೇ ಪ್ರವೇಶಿಸಬೇಕು. ಪ್ರವೇಶಿಸುವ ಮೊದಲು ಸ್ವಲ್ಪ ಕೆಳಕ್ಕೆ ಬಾಗಿದ್ದರೆ ಹನಿಗಳು ಆ ಬಾಗಿನಿಂದಲೇ ತೊಟ್ಟಿಕ್ಕಿಹೋಗುತ್ತವೆ. ನಮ್ಮ ಕಲ್ಲುನೆಲವು ಬೇಸಗೆಯಲ್ಲಿ ಒಣಗಿದಾಗ ಭೂಸಂಪರ್ಕದ ಗುಂಡಿಯ ರೋಧವು ಹೆಚ್ಚುತ್ತದೆ. ಆದ್ದರಿಂದ ಆ ಗುಂಡಿಗೆ ಆಗಾಗ ನೀರೆರೆಯಬೇಕು, ಅದರ ರೋಧವನ್ನು ವರ್ಷಕ್ಕೊಮ್ಮೆ ಅಳೆಯಿಸಬೇಕು.

ನಮ್ಮ ಸೀಮೆಯಲ್ಲಿ ಮಳೆಯನ್ನು ಹಳಿಯುವವರು ಯಾರೂ ಇಲ್ಲ, ಬಂದರೆ ಕೈಮುಗಿಯುತ್ತೇವೆ. ಮಳೆ ಬಂದ ದಿನ ಸೋಲಾರ್ ನಿಂತರೆ ಅದನ್ನೂ ಹಳಿಯದೆ, ಅದು ಏನನ್ನು ಹೇಳುತ್ತಿದೆ ಎಂದು ಕೇಳೋಣ. ಒಂದು ದಿನದ ವಿದ್ಯುತ್ತಿನ ನಷ್ಟವು ಕೆಲವೇ ರೂಪಾಯಿಗಳದು. ಅದಕ್ಕಾಗಿ ಮನೆಮಂದಿಯ ಪ್ರಾಣವನ್ನು ಒತ್ತೆಯಿಡುವುದು ಬುದ್ಧಿವಂತರ ಲಕ್ಷಣವಲ್ಲ.