ಕೆಟ್ಟಿರುವುದು ಮುಳ್ಳೋ, ಬೆಂಡೋ?

ಟ್ಯಾಂಕ್ ತುಂಬಿಸಿಕೊಂಡು ಬಂಕಿನಿಂದ ಹೊರಬಂದರೂ ಪೆಟ್ರೋಲ್ ಮುಳ್ಳು ‘ಇ’ ಬಿಟ್ಟು ಏಳದಿದ್ದರೆ ಕಾರಿನ ಮಾಲೀಕರು ಮೊದಲು ದೂರುವುದು ಡ್ಯಾಶ್‌ಬೋರ್ಡಿನ ಮೀಟರನ್ನು. ಕಣ್ಣಿಗೆ ಕಾಣುವುದು ಅದೊಂದೇ ತಾನೆ! ಪಳಗಿದ ಆಟೊ ಎಲೆಕ್ಟ್ರಿಷಿಯನ್ನರು ಮಾತ್ರ ಡ್ಯಾಶ್‌ಬೋರ್ಡ್ ಬಿಚ್ಚಲು ಅವಸರಪಡುವುದಿಲ್ಲ. ಹಿಂದಿನ ಸೀಟು ಎತ್ತಿ, ಟ್ಯಾಂಕಿನ ತಲೆಯ ಮೇಲಿರುವ ಮುಚ್ಚಳ ಹುಡುಕುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಪಕ್ಕದ ಗ್ಯಾರೇಜಿನವರೆಗೆ ಈ ಕೆಲಸ ಬಲ್ಲವರಿದ್ದಾರೆ. ಅವರ ವಿದ್ಯೆಯ ಸಾರವೆಲ್ಲ ಬಿಚ್ಚುವ ಮೊದಲೇ ದೋಷ ಎಲ್ಲಿದೆಯೆಂದು ಗುರುತಿಸುವುದರಲ್ಲಿದೆ.

ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ಒಂದು ಬೆಂಡು ತೇಲುತ್ತಿರುತ್ತದೆ. ಹಳೆಯ ಎಷ್ಟೋ ಕಾರುಗಳಲ್ಲಿ ಅದು ಹಿತ್ತಾಳೆಯ ಟೊಳ್ಳು ಡಬ್ಬಿ. ಈಚಿನವುಗಳಲ್ಲಿ ಪ್ಲಾಸ್ಟಿಕ್ ಅಥವಾ ಪೆಟ್ರೋಲ್ ಹೀರದ ಫೋಮ್. ಬೆಂಡಿಗೊಂದು ತಂತಿಯ ತೋಳು, ತೋಳಿನ ಬುಡದಲ್ಲಿ ಲೋಹದ ಸಣ್ಣ ನಾಲಿಗೆ. ಬೆಂಡು ಏರಿಳಿದಂತೆ ನಾಲಿಗೆ ಒಂದು ರೆಸಿಸ್ಟೆನ್ಸ್ ಪಟ್ಟಿಯ ಮೇಲೆ ಸರಿಯುತ್ತದೆ. ಅದಕ್ಕೆ ತಕ್ಕಂತೆ ವೈರಿನಲ್ಲಿ ಹರಿಯುವ ಕರೆಂಟು ಹೆಚ್ಚು ಕಡಿಮೆಯಾಗಿ, ಮುಂದೆ ಮುಳ್ಳು ಏಳುತ್ತದೆ, ಇಳಿಯುತ್ತದೆ. ಗ್ಯಾರೇಜಿನವರು ಇದಕ್ಕೆ ಟ್ಯಾಂಕ್ ಯೂನಿಟ್ ಅಥವಾ ಬರೀ ಫ್ಲೋಟ್ ಅನ್ನುತ್ತಾರೆ.

ಎಲ್ಲ ಕಾರಿನ ಲೆಕ್ಕವೂ ಒಂದೇ ಅಲ್ಲ. ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ಅಳತೆಯಲ್ಲಿ ಖಾಲಿ ಟ್ಯಾಂಕಿಗೆ 240 ಓಮ್, ತುಂಬಿದ್ದಕ್ಕೆ 33. ಯುರೋಪಿನ ಒಂದು ಅಳತೆ ಇದಕ್ಕೆ ತದ್ವಿರುದ್ಧ: ಖಾಲಿಗೆ 10, ತುಂಬಿದ್ದಕ್ಕೆ 180. ಹಾಗಾಗಿ ಒಂದರ ಫ್ಲೋಟನ್ನು ಇನ್ನೊಂದರ ಮೀಟರಿಗೆ ಜೋಡಿಸಿದರೆ ಟ್ಯಾಂಕ್ ತುಂಬಿದಾಗ ಮುಳ್ಳು ಕೆಳಗಿಳಿಯುತ್ತದೆ. ಗುಜರಿಯಿಂದ ಯೂನಿಟ್ ತರುವವರು ಇದನ್ನು ಮರೆಯಬಾರದು.

ಹಳೆಯ ಕಾರುಗಳಲ್ಲಿ ದೋಷ ಹುಡುಕುವ ಕ್ರಮ ಬಹಳ ಸೊಗಸಾದದ್ದು. ಟ್ಯಾಂಕ್ ಯೂನಿಟ್ಟಿನ ವೈರನ್ನು ಕಿತ್ತು ಕೀ ಆನ್ ಮಾಡಿದರೆ ಮುಳ್ಳು ಒಂದು ಕೊನೆಗೆ ಹೋಗಬೇಕು. ಅದೇ ವೈರಿಗೆ ಬಾಡಿಯ ಅರ್ಥ್ ಕೊಟ್ಟರೆ ಇನ್ನೊಂದು ಕೊನೆಗೆ ಬರಬೇಕು. ಎರಡೂ ಆಯಿತೆಂದರೆ ಮೀಟರೂ ವೈರೂ ಚೆನ್ನಾಗಿವೆ, ತಪ್ಪು ಟ್ಯಾಂಕಿನ ಕಡೆ. ಮುಳ್ಳು ಅಲುಗಲಿಲ್ಲವೆಂದರೆ ಫ್ಯೂಸು, ವೈರು, ಮೀಟರು ಹೀಗೆ ಮುಂದಕ್ಕೆ ಹುಡುಕುತ್ತ ಹೋಗಬೇಕು. ಬಹಳ ಹೊತ್ತು ನೇರ ಅರ್ಥ್ ಕೊಟ್ಟರೆ ಕೆಲವು ಮೀಟರುಗಳ ಕಾಯಿಲ್ ಸುಟ್ಟುಹೋದೀತು. ಜಾಣರು ನಡುವೆ ಒಂದು ಸಣ್ಣ ಬಲ್ಬ್ ಸೇರಿಸುತ್ತಾರೆ. ಎಂಜಿನ್ ಬಿಸಿ ತೋರಿಸುವ ಮುಳ್ಳೂ ಜೊತೆಯಲ್ಲೇ ಕೆಟ್ಟಿದ್ದರೆ ಟ್ಯಾಂಕಿಗೆ ಕೈ ಹಚ್ಚಲೇಬೇಕಿಲ್ಲ. ಹಳೆಯ ಬ್ರಿಟಿಷ್ ವಿನ್ಯಾಸದ ಅನೇಕ ಕಾರುಗಳಲ್ಲಿ ಎರಡು ಮೀಟರಿಗೂ ಸುಮಾರು 10 ವೋಲ್ಟ್ ಹಂಚುವ ಸ್ಟೆಬಿಲೈಸರ್ ಒಂದೇ. ಎರಡೂ ಒಟ್ಟಿಗೆ ಸುಳ್ಳು ಹೇಳತೊಡಗಿದರೆ ಮೊದಲ ಅನುಮಾನ ಅದರ ಮೇಲೆಯೇ. ಎರಡು ಮುಳ್ಳನ್ನು ಒಟ್ಟಿಗೆ ನೋಡುವ ಈ ಚುರುಕು ಕಣ್ಣನ್ನು ನಾನು ಬಹಳ ಮೆಚ್ಚುತ್ತೇನೆ. ಒಂದು ನೋಟಕ್ಕೆ ಅರ್ಧ ದಿನದ ಕೆಲಸ ಉಳಿಯುತ್ತದೆ.

ಫ್ಲೋಟಿನ ಕಾಯಿಲೆಗಳೂ ಹಲವು. ಹಿತ್ತಾಳೆ ಡಬ್ಬಿ ತೂತಾದರೆ ಪೆಟ್ರೋಲ್ ಒಳಗೆ ಸೇರಿ ಮುಳುಗುತ್ತದೆ, ಮುಳ್ಳು ಸದಾ ಖಾಲಿಯನ್ನೇ ತೋರಿಸುತ್ತದೆ. ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಪೆಟ್ರೋಲ್ ಕುಲುಕುವುದು ಕೇಳಿಸುತ್ತದೆ. ಪಟ್ಟಿ ಒಂದೇ ಜಾಗದಲ್ಲಿ ಸವೆದಿದ್ದರೆ ಅರ್ಧ ಟ್ಯಾಂಕಿನ ಹತ್ತಿರ ಮುಳ್ಳು ಧಡಕ್ಕನೆ ಬಿದ್ದು ಮತ್ತೆ ಏಳುತ್ತದೆ. ಯೂನಿಟ್ಟನ್ನು ಮೇಜಿನ ಮೇಲಿಟ್ಟು, ಮಲ್ಟಿಮೀಟರ್ ಹಚ್ಚಿ, ತೋಳನ್ನು ಮೆಲ್ಲಗೆ ಎತ್ತಿದರೆ ಓಮ್ ಸಂಖ್ಯೆ ಎಡವದೆ ಸಾಗಬೇಕು. ಇಂಧನದಲ್ಲಿ ಗಂಧಕ ಹೆಚ್ಚಾದರೂ ಬೆಳ್ಳಿ ಲೇಪದ ಸಂಪರ್ಕಗಳು ಕಪ್ಪಾಗುತ್ತವೆ. 2004ರಲ್ಲಿ ಅಮೆರಿಕದ ಫ್ಲೋರಿಡಾ, ಲೂಯಿಸಿಯಾನಾ ಕಡೆ ಗಂಧಕ ಬೆರೆತ ಪೆಟ್ರೋಲ್ ಮಾರಾಟವಾಗಿ ಎಷ್ಟೋ ಕಾರುಗಳ ಮುಳ್ಳು ಕೆಟ್ಟಿದ್ದು ಹೀಗೆಯೇ. ಇನ್ನು ಎಲ್ಲಕ್ಕಿಂತ ಅಗ್ಗದ ದೋಷ ತುಕ್ಕು ಹಿಡಿದ ಅರ್ಥ್. ಎಮರಿ ಪೇಪರಿನಿಂದ ಉಜ್ಜಿ ಬೋಲ್ಟ್ ಬಿಗಿ ಮಾಡಿದರೆ ಮುಗಿಯಿತು.

ಟ್ಯಾಂಕ್ ತೆರೆಯುವುದು ಮಾತ್ರ ಮನೆಯಲ್ಲಿ ಮಾಡುವ ಕೆಲಸವಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿಕೊಂಡು ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆ. ಪರೀಕ್ಷೆಯ ಅರ್ಥ್ ಕೊಡುವುದೂ ತೆರೆದ ಟ್ಯಾಂಕಿನ ಬಳಿ ಸಲ್ಲ. ಒಳ್ಳೆಯ ಗ್ಯಾರೇಜಿನಲ್ಲಿ ಮೊದಲು ಬ್ಯಾಟರಿ ಕಳಚುತ್ತಾರೆ, ಬಾಗಿಲು ಕಿಟಕಿ ತೆರೆದಿಡುತ್ತಾರೆ, ಬೀಡಿ ಹಚ್ಚಿದವರನ್ನು ಗದರಿ ಆಚೆ ಕಳಿಸುತ್ತಾರೆ. ಮುಚ್ಚಳದ ರಿಂಗ್ ಸಡಿಲಿಸಲು ಕಬ್ಬಿಣದ ಸುತ್ತಿಗೆ ಬಿಟ್ಟು ಮರದ ತುಂಡು ಅಥವಾ ಹಿತ್ತಾಳೆ ಸರಳು ಬಳಸುತ್ತಾರೆ. ಮತ್ತೆ ಮುಚ್ಚುವಾಗ ಹೊಸ ರಬ್ಬರ್ ವಾಷರ್ ಹಾಕಲೇಬೇಕು.

ಈಗಿನ ಕಾರುಗಳಲ್ಲಿ ಫ್ಲೋಟಿನ ಸಂಕೇತ ಮೊದಲು ಕಂಪ್ಯೂಟರಿಗೆ ಹೋಗುತ್ತದೆ, ಮುಳ್ಳಿನ ಬದಲು ಗೆರೆಗಳು ಮಿನುಗುತ್ತವೆ. ಅಲ್ಲಿ ವೈರ್ ಕಿತ್ತು ಅರ್ಥ್ ಕೊಡುವ ಹಳೆಯ ಉಪಾಯ ಬೇಡ. ಸ್ಕ್ಯಾನರ್ ಹಚ್ಚಿ ನೋಡಬೇಕು. ಆದರೂ ಹೆಚ್ಚಿನವುಗಳ ಟ್ಯಾಂಕಿನೊಳಗೆ ಅದೇ ಬೆಂಡು, ಅದೇ ಪಟ್ಟಿ. ಫ್ಲೋಟು ಪೆಟ್ರೋಲ್ ಪಂಪಿನ ಜೊತೆ ಒಂದೇ ಅಸೆಂಬ್ಲಿಯಲ್ಲಿ ಕೂಡಿರುವುದರಿಂದ ಅನೇಕ ಕಡೆ ಇಡೀ ಅಸೆಂಬ್ಲಿಯನ್ನೇ ಬದಲಿಸಲು ಹೇಳುತ್ತಾರೆ. ಸವೆದ ಪಟ್ಟಿಯೊಂದಕ್ಕಾಗಿ ಚೆನ್ನಾಗಿರುವ ಪಂಪನ್ನೂ ಎಸೆಯುವುದು ನನಗೆ ಸರಿ ಕಾಣುವುದಿಲ್ಲ. ಹಾಗೆಂದು ಕೆಟ್ಟ ಮುಳ್ಳಿನೊಂದಿಗೇ ಕಾಲ ತಳ್ಳುವುದೂ ತಪ್ಪು: ಟ್ಯಾಂಕಿನೊಳಗಿನ ಪಂಪ್ ತಂಪಾಗುವುದೇ ಪೆಟ್ರೋಲಿನಿಂದ, ಪದೇ ಪದೇ ಖಾಲಿಯಾದರೆ ಅದೂ ಕೆಡುತ್ತದೆ. ಅಸೆಂಬ್ಲಿಗೆ ಹಣ ಕೊಡುವ ಮುನ್ನ ಮಲ್ಟಿಮೀಟರಿನಲ್ಲಿ ಓಮ್ ತೋರಿಸಿ ಎಂದು ಕೇಳಿ. ಕೆಲಸ ಗೊತ್ತಿರುವವರು ಇದಕ್ಕೆ ಬೇಸರಿಸುವುದಿಲ್ಲ. ತೋಳನ್ನು ಎತ್ತಿ ಇಳಿಸಿ, ಸಂಖ್ಯೆ ಎಲ್ಲಿ ಎಡವಿತೆಂದು ತಾವೇ ತೋರಿಸುತ್ತಾರೆ.